ಅಪ್ಪಯ್ಯನ ಕೋವಿಯನ್ನು ಭಾವನಿಗೆ ಮಾರಿದ್ದು

ಹೆಬ್ರಿ ದಾಟಿ ಸೀತಾನದಿ ಕಡೆಗೆ ನಮ್ಮ ಅಡಿಕೆ ತೋಟ. ಬೆಳೆ ರಕ್ಷಣೆಗೆಂದು ಅಪ್ಪಯ್ಯನ ಹೆಸರಿನಲ್ಲಿ ಒಂದು ಜೋಡಿ ನಳಿಗೆಯ ಕೋವಿ ಇತ್ತು. ಪ್ರತಿ ಚುನಾವಣೆಗೂ ಅದನ್ನು ಠಾಣೆಯಲ್ಲಿ ಠೇವಣಿ ಇಟ್ಟು, ಫಲಿತಾಂಶ ಬಂದ ಮೇಲೆ ಹೋಗಿ ತರುತ್ತಿದ್ದರು. ಲೈಸೆನ್ಸ್ ನವೀಕರಣವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಮಂಗಳೂರಿನಲ್ಲಿ ಕೆಲಸಕ್ಕಿದ್ದ ನಾನು ಆ ಕಾಗದಗಳನ್ನು ಒಮ್ಮೆಯೂ ಬಿಡಿಸಿ ನೋಡಿದವನಲ್ಲ.

ಅಪ್ಪಯ್ಯ ತೀರಿಕೊಂಡಾಗ ನಾನು ಮಾಡಿದ ಮೊದಲ ತಪ್ಪು, ಉತ್ತರಕ್ರಿಯೆ ಮುಗಿದ ಮೇಲೂ ಕೋವಿಯನ್ನು ಬೀರುವಿನಲ್ಲೇ ಬಿಟ್ಟದ್ದು. ಲೈಸೆನ್ಸ್ ಇರುವುದು ಮನುಷ್ಯನಿಗೆ, ಮನೆಗಲ್ಲ. ಅವರು ಹೋದ ದಿನವೇ ಅದನ್ನು ಇಟ್ಟುಕೊಳ್ಳುವ ಹಕ್ಕು ನಮ್ಮ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಪ್ರಕಾರ ವೃಥಾ ತಡಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲೋ ಒಪ್ಪಿಸಬೇಕು. ಪರಿಚಯದ ವಕೀಲರು ಹೇಳಿದ ಸಂಜೆಯೇ ಠಾಣೆಗೆ ಕೊಟ್ಟು ರಶೀದಿ ಪಡೆದೆ. ಮರುದಿನ ಅಟ್ಟದ ಮೇಲೆ ಹಳೇ ಬಿಸ್ಕತ್ತಿನ ಡಬ್ಬದಲ್ಲಿ ನಾಲ್ಕು ತೋಟೆ ಸಿಕ್ಕಿದವು. ಅವನ್ನೂ ಹಿಡಿದು ಮತ್ತೆ ಠಾಣೆಗೆ ಓಡಿದೆ. ತೋಟೆಗೂ ಅದೇ ಕಾನೂನು.

ತೀರ್ಥಹಳ್ಳಿಯ ಭಾವನಿಗೆ ಕೋವಿ ಬೇಕಿತ್ತು. ಅವರ ಹತ್ತಿರ ಒಂಟಿ ನಳಿಗೆಯದೊಂದಿತ್ತು; ತೋಟ ದೊಡ್ಡದು, ಕಾಡುಹಂದಿಯ ಕಾಟ ಬೇರೆ. ಕೇಳಿದ ಕೂಡಲೇ, "ಗೋಣಿಯಲ್ಲಿ ಸುತ್ತಿ ಸಂಜೆ ಬಸ್ಸಿಗೆ ಹಾಕು ಮಾರಾಯ, ಆಗುಂಬೆ ಹತ್ತಿ ಬರ್ತದೆ, ನಾನು ಸ್ಟ್ಯಾಂಡಲ್ಲಿ ಇರ್ತೇನೆ" ಅಂದರು. ಘಟ್ಟದ ಮೇಲೆ ಹಲಸಿನಹಣ್ಣು, ಮೀನು, ಮಿಕ್ಸಿ ಎಲ್ಲ ಹಾಗೇ ಹೋಗುವುದು. ಆದರೆ ಕೋವಿಯನ್ನು ಹಾಗೆ ಕಳಿಸಿದರೆ ಕಂಡಕ್ಟರ್‌ನಿಂದ ಹಿಡಿದು ಭಾವನವರೆಗೆ ಎಲ್ಲರ ಮೇಲೂ ಕೇಸು. ಕೂರಿಯರ್ ಎಂದರೂ ಅಷ್ಟೇ. ಲೈಸೆನ್ಸ್ ಉಳ್ಳವನು ಚೀಟಿ ಬರೆದುಕೊಟ್ಟರೆ ಬೇರೆಯವರು ಒಯ್ಯಬಹುದೆಂದು ಕೆಲವರು ನಂಬಿದ್ದಾರೆ. ಆ ಅವಕಾಶ ಇರುವುದು ರಿಪೇರಿಗೆ, ಲೈಸೆನ್ಸ್ ನವೀಕರಣಕ್ಕೆ, ಅಥವಾ ಆತನೇ ಬಳಸುವುದಕ್ಕೆಂದು ಒಯ್ಯಲು ಮಾತ್ರ. ಅದೂ ಆತ ಬದುಕಿರುವವರೆಗೆ.

ಲೈಸೆನ್ಸನ್ನು ನನ್ನ ಹೆಸರಿಗೇ ಮಾಡಿಸಿಕೊಳ್ಳಲು ಯೋಚಿಸಲಿಲ್ಲ ಎಂದಲ್ಲ. ನಮ್ಮದು ಸೋಮೇಶ್ವರ ಅಭಯಾರಣ್ಯದ ಮಗ್ಗುಲು. ಅಭಯಾರಣ್ಯದ 10 ಕಿಲೋಮೀಟರ್ ಒಳಗೆ ಹೊಸ ಲೈಸೆನ್ಸ್ ಕೊಡಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ತೋಟದಲ್ಲೇ ಇರದ ನಾನು ಅದನ್ನು ಯಾವ ಮುಖ ಇಟ್ಟುಕೊಂಡು ಕೇಳಲಿ? ನನ್ನನ್ನು ಇಂದಿಗೂ ಕೊರೆಯುವುದು ಬೇರೆ ಸಂಗತಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸುದಾರರಿಗೆ 70 ವರ್ಷ ತುಂಬಿದರೆ, ಇಲ್ಲವೇ ಕೋವಿ ಅವರ ಬಳಿ 25 ವರ್ಷ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಬಹುದು. ಅಪ್ಪಯ್ಯನಿಗೆ ಎರಡೂ ಆಗಿತ್ತು. ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಊರಲ್ಲೇ ಇರುವ ತಮ್ಮನ ಹೆಸರಿಗೆ ಆಗಲೇ ಅರ್ಜಿ ಕೊಡಬಹುದಿತ್ತು. ಈಗ ಅವನೂ ಬೆಂಗಳೂರು ಸೇರಿದ್ದಾನೆ. ಮನೆಯಲ್ಲಿ ಹಿರಿಯರ ಕೋವಿ ಇರುವವರು ಇದನ್ನು ಇವತ್ತೇ ವಿಚಾರಿಸಿ.

ಮಾರಾಟಕ್ಕೆ ಅಕ್ಕ, ತಮ್ಮ ಇಬ್ಬರಿಂದಲೂ ತಕರಾರಿಲ್ಲವೆಂದು ಸ್ಟಾಂಪ್ ಪೇಪರ್ ಮೇಲೆ ಬರೆಸಿಕೊಂಡೆ. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಠೇವಣಿ ರಶೀದಿ, ಮೂಲ ಲೈಸೆನ್ಸ್ ಜೋಡಿಸಿದೆ. ಭಾವನ ಹೆಸರು ವಿಳಾಸ ಬರೆದು, ಇವರಿಗೆ ಮಾರುವ ಉದ್ದೇಶವಿದೆ ಎಂದು ಠಾಣೆಗೂ ಮಣಿಪಾಲದ ರಜತಾದ್ರಿಯಲ್ಲಿ ಜಿಲ್ಲಾಧಿಕಾರಿ ಕಚೇರಿಗೂ ಲಿಖಿತವಾಗಿ ಕೊಟ್ಟೆ. ಪ್ರತಿಯ ಮೇಲೆ ತಾರೀಕಿನ ಮೊಹರು ಹಾಕಿಸಿಕೊಳ್ಳದೆ ಎದ್ದು ಬರಬೇಡಿ. ಕೋವಿ ಕೈ ಬದಲಾಗಬೇಕಾದರೆ ಹಾಗೆ ತಿಳಿಸಿ 45 ದಿನ ಕಳೆದಿರಬೇಕು. ಆ ಲೆಕ್ಕ ಶುರುವಾಗುವುದೇ ಮೊಹರಿನ ದಿನದಿಂದ.

ಭಾವ ಆ ಹೊತ್ತಿಗೆ ಶಿವಮೊಗ್ಗದಲ್ಲಿ ಎರಡನೇ ಕೋವಿಗೆ ಅನುಮತಿ ಪಡೆದರು. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ, ಮುಂಚೆ ಮೂರಿತ್ತು. ಅವರ ಲೈಸೆನ್ಸ್ ತಮ್ಮ ಜಿಲ್ಲೆಗೆ ಮಾತ್ರ ಇದ್ದುದನ್ನು ರಾಜ್ಯಕ್ಕೆಲ್ಲ ಮಾಡಿಸಿಕೊಳ್ಳಬೇಕಾಯಿತು. ಇಲ್ಲದಿದ್ದರೆ ಉಡುಪಿ ಜಿಲ್ಲೆಯಲ್ಲಿ ಅವರು ಕೋವಿ ಹಿಡಿದು ನಡೆಯುವಂತೆಯೇ ಇರಲಿಲ್ಲ.

ಕೊನೆಗೆ ಸಿಕ್ಕಿಬಿದ್ದದ್ದು ನಂಬರಿನಲ್ಲಿ. ನಳಿಗೆಯ ಬುಡದಲ್ಲಿ ಕೊರೆದದ್ದು ತುಕ್ಕು ಹಿಡಿದಿತ್ತು. ತೆಂಗಿನೆಣ್ಣೆ ಹಚ್ಚಿದ ಬಟ್ಟೆಯಿಂದ ಉಜ್ಜಿ, ಟಾರ್ಚ್ ಹಿಡಿದು ನೋಡಿದರೆ ಒಂದು ಅಂಕೆ ಕೋವಿಯಲ್ಲಿ 8, ಲೈಸೆನ್ಸಿನಲ್ಲಿ 3. ಹಿಂದೆ ಯಾವತ್ತೋ ಕೈಬರಹದಲ್ಲಿ ಇಳಿಸುವಾಗ ತಪ್ಪಿದ್ದು, ಪ್ರತಿ ನವೀಕರಣದಲ್ಲೂ ಹಾಗೇ ಮುಂದುವರಿದಿದೆ. ಅಪ್ಪಯ್ಯ ಲೈಸೆನ್ಸ್ ಪುಸ್ತಕದ ರಟ್ಟಿನೊಳಗೆ ಖರೀದಿಯ ರಶೀದಿ ಇಟ್ಟಿದ್ದರು. ಅದು ಇರದಿದ್ದರೆ ಇದು ನಮ್ಮದೇ ಕೋವಿ ಎಂದು ಸಾಬೀತು ಮಾಡಲು ದಾರಿಯೇ ಇರಲಿಲ್ಲ. ತಿದ್ದುಪಡಿಗೆ ಮತ್ತೆ ಮೂರು ವಾರ ಹಿಡಿಯಿತು.

ಭಾವ ಕಾರಿನಲ್ಲಿ ಬಂದು, ಠಾಣೆಯಲ್ಲಿ ಸಹಿ ಹಾಕಿ, ತೋಟೆ ಎಣಿಸಿಕೊಂಡು ಕೋವಿ ತೆಗೆದುಕೊಂಡರು. ಅಪ್ಪಯ್ಯ ಕೆನ್ನೆ ಒತ್ತುತ್ತಿದ್ದ ಜಾಗದಲ್ಲಿ ಮರ ನುಣುಪಾಗಿ ಬಣ್ಣ ಹೋಗಿತ್ತು. ಅಕ್ಕ ಅದನ್ನೊಮ್ಮೆ ಸವರಿ ಕಾರು ಹತ್ತಿದಳು. ಕೋವಿ ತಮ್ಮ ಲೈಸೆನ್ಸಿನಲ್ಲಿ ನಮೂದಾದ ಪುಟದ ಪ್ರತಿಯನ್ನು ಭಾವ ಆಮೇಲೆ ಅಂಚೆಯಲ್ಲಿ ಕಳಿಸಿದರು. ಅದನ್ನು ಠೇವಣಿ ರಶೀದಿಯ ಪ್ರತಿಯೊಂದಿಗೆ ಇಟ್ಟಿದ್ದೇನೆ.