ಬೌದ್ಧ ವಿಹಾರದ ಧ್ಯಾನ ಶಿಬಿರಕ್ಕೆ ಹೊರಡುವ ಮುನ್ನ

ಬೌದ್ಧ ವಿಹಾರದಲ್ಲಿ ಕೆಲವು ದಿನ ತಂಗಬೇಕೆಂದು ಬಯಸುವವರು ತಾವು ಅತಿಥಿಗಳಾಗಿ ಹೋಗುತ್ತಿದ್ದೇವೆಯೋ ಸಾಧಕರಾಗಿ ಹೋಗುತ್ತಿದ್ದೇವೆಯೋ ಎಂಬುದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು. ದಕ್ಷಿಣ ಕೊರಿಯಾದಲ್ಲಿ 2002ರಲ್ಲಿ ಆರಂಭವಾದ ‘ಟೆಂಪಲ್ ಸ್ಟೇ’ಯಲ್ಲಾಗಲಿ, ಜಪಾನಿನ ಕೋಯಾ ಪರ್ವತದ ದೇವಾಲಯಗಳ ವಸತಿಯಲ್ಲಾಗಲಿ ಒಂದೆರಡು ರಾತ್ರಿ ತಂಗಿ, ಬೆಳಗಿನ ಪೂಜೆಯನ್ನು ನೋಡಿ, ಸ್ವಲ್ಪ ಹೊತ್ತು ಧ್ಯಾನಕ್ಕೆ ಕುಳಿತು ಹಿಂದಿರುಗಬಹುದು. ಶಿಬಿರದ ಮಾತೇ ಬೇರೆ. ಅಲ್ಲಿ ಏಳುವುದು, ಉಣ್ಣುವುದು, ಮಲಗುವುದು ಎಲ್ಲವೂ ಗಂಟೆಯ ಸದ್ದಿಗೆ ಒಳಪಟ್ಟಿರುತ್ತವೆ. ದಿನದ ಯಾವ ತೀರ್ಮಾನವೂ ನಿಮ್ಮ ಕೈಯಲ್ಲಿರುವುದಿಲ್ಲ. ಮೊದಲ ಬಾರಿಗೆ ಹೋಗುವವರಿಗೆ ಧ್ಯಾನಕ್ಕಿಂತ ಕಷ್ಟವಾಗುವುದು ಇದೇ.

ಪದ್ಧತಿಗಳಲ್ಲಿಯೂ ಸಾಕಷ್ಟು ಭೇದವಿದೆ. ಧ್ಯಾನ ಶಿಕ್ಷಕ ಎಸ್. ಎನ್. ಗೋಯೆಂಕಾ ಅವರ ಪರಂಪರೆಯ ವಿಪಶ್ಯನ (ದೇಹದ ಸಂವೇದನೆಗಳನ್ನು ಗಮನಿಸುವ ಧ್ಯಾನ) ಶಿಬಿರ ಹತ್ತು ದಿನಗಳದ್ದು. ಬೆಳಗಿನ 4 ಗಂಟೆಗೆ ಎಬ್ಬಿಸುತ್ತಾರೆ, ದಿನಕ್ಕೆ ಸುಮಾರು ಹತ್ತು ಗಂಟೆ ಧ್ಯಾನವಿರುತ್ತದೆ, ಮೊದಲ ಮೂರು ದಿನ ಉಸಿರಾಟವನ್ನಷ್ಟೇ ಗಮನಿಸುವ ಆನಾಪಾನ ನಡೆಯುತ್ತದೆ. ಬರ್ಮಾದ ಭಿಕ್ಷು ಮಹಾಸಿ ಸಯಾಡೊ ಅವರ ಕ್ರಮದಲ್ಲಿ ಹೊಟ್ಟೆಯ ಏರಿಳಿತವನ್ನು ಮನಸ್ಸಿನಲ್ಲೇ ಗುರುತಿಸುತ್ತ, ಒಂದು ಗಂಟೆ ಕುಳಿತರೆ ಮತ್ತೊಂದು ಗಂಟೆ ನಿಧಾನವಾಗಿ ನಡೆಯುವುದು ರೂಢಿ. ಜಪಾನಿನ ಬೌದ್ಧ ಧ್ಯಾನ ಪಂಥವಾದ ಝೆನ್‌ನ ಮಠಗಳ ಶಿಬಿರಗಳಲ್ಲಿ ಭಂಗಿಯ ಶಿಸ್ತು ಬಿಗಿಯಾಗಿರುತ್ತದೆ. ದೇಹಕ್ಕೆ ಚಲನೆ ಬೇಕೆನ್ನುವವರಿಗೆ ನಡಿಗೆಯ ಧ್ಯಾನವಿರುವ ಕೇಂದ್ರವೇ ಹಿತವೆಂದು ನನ್ನ ಅಭಿಪ್ರಾಯ. ಮೊದಲ ಬಾರಿಗೆ ಹೋಗುವವರು, ಸಾಧ್ಯವಿದ್ದರೆ, ಎರಡು ಮೂರು ದಿನಗಳ ಶಿಬಿರದಿಂದ ಆರಂಭಿಸಲಿ.

ಅರ್ಜಿಯಲ್ಲಿ ಆರೋಗ್ಯದ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ನಿಜವನ್ನೇ ಬರೆಯಬೇಕು. ತೀವ್ರ ಖಿನ್ನತೆ, ಆತಂಕ ಅಥವಾ ಮತ್ತಾವುದೇ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರು ವೈದ್ಯರನ್ನು ಕೇಳದೆ ದೀರ್ಘ ಮೌನ ಶಿಬಿರಕ್ಕೆ ಹೋಗಬಾರದು, ನಡೆಯುತ್ತಿರುವ ಔಷಧಿಯನ್ನು ಅಲ್ಲಿಗೆ ಹೋಗುವ ನೆಪದಲ್ಲಿ ನಿಲ್ಲಿಸಲೂಬಾರದು. ಮುಚ್ಚಿಟ್ಟು ಹೋದದ್ದು ಮೂರನೆಯ ದಿನದ ಮೌನದಲ್ಲಿ ತಾನಾಗಿ ಮೇಲೆದ್ದು ಬರುತ್ತದೆ, ಆಗ ಶಿಕ್ಷಕರಿಗೆ ಅದರ ಹಿನ್ನೆಲೆಯೇ ತಿಳಿದಿರುವುದಿಲ್ಲ.

ಹೊರಡುವ ಎರಡು ಮೂರು ವಾರ ಮೊದಲಿನಿಂದ ದಿನವೂ ಅರ್ಧ ಗಂಟೆ ನೆಲದ ಮೇಲೆ ಕುಳಿತು ಅಭ್ಯಾಸ ಮಾಡಿಕೊಳ್ಳಿ. ದಿಂಬಿನ ಮುಂಭಾಗದ ಮೂರನೆಯ ಒಂದು ಪಾಲಿನ ಮೇಲಷ್ಟೇ ಕುಳಿತರೆ ಸೊಂಟ ಮುಂದಕ್ಕೆ ವಾಲುತ್ತದೆ, ಮೊಣಕಾಲುಗಳು ಸೊಂಟಕ್ಕಿಂತ ಕೆಳಗಿಳಿದು ನೆಲಕ್ಕೆ ತಾಗುತ್ತವೆ, ಬೆನ್ನು ಹೆಚ್ಚು ಬಲ ಹಾಕದೆ ನೇರವಾಗುತ್ತದೆ. ಮೊಣಕಾಲು ಮೇಲೆದ್ದೇ ಉಳಿದರೆ ದಿಂಬನ್ನು ಎತ್ತರಿಸಿ, ಇಲ್ಲವೇ ತೊಡೆಯ ಕೆಳಗೆ ಮಡಿಸಿದ ಟವೆಲ್ ತುರುಕಿ. ನನ್ನ ಮೊದಲ ಶಿಬಿರದಲ್ಲಿ ಕುರ್ಚಿ ಕೇಳಲು ನಾಚಿಕೊಂಡು ಎರಡು ದಿನ ಹಲ್ಲು ಕಚ್ಚಿ ಕುಳಿತೆ. ಮೂರನೆಯ ದಿನ ಊಟದ ಸಾಲಿನಲ್ಲಿ ಕುಂಟುತ್ತಿದ್ದುದನ್ನು ಕಂಡ ಸೇವಾಕರ್ತರೊಬ್ಬರು ಮಾತಿಲ್ಲದೆ ನನ್ನ ಜಾಗದಲ್ಲಿ ಕುರ್ಚಿಯೊಂದನ್ನು ಇಟ್ಟು ಹೋಗಿದ್ದರು. ಕುರ್ಚಿಯಲ್ಲಿ ಕುಳಿತವರ ಧ್ಯಾನ ಕಡಿಮೆಯದೆಂದು ಅಲ್ಲಿ ಯಾರೂ ಭಾವಿಸುವುದಿಲ್ಲ.

ಸಾಮಾನು ಹೆಚ್ಚು ಬೇಡ. ಸಡಿಲವಾದ, ಭುಜ ಮತ್ತು ಮೊಣಕಾಲು ಮುಚ್ಚುವ, ಅಲುಗಾಡಿದಾಗ ಸರಸರ ಸದ್ದು ಮಾಡದ ಬಟ್ಟೆ, ಬೆಳಗಿನ ಚಳಿಗೆ ಒಂದು ಶಾಲು, ಟಾರ್ಚ್, ಸುಲಭವಾಗಿ ಕಳಚಬಹುದಾದ ಚಪ್ಪಲಿ, ನಿತ್ಯದ ಔಷಧಿ ಇವಿಷ್ಟು ಸಾಕು. ಸುಗಂಧ ದ್ರವ್ಯ ಬೇಡ. ಫೋನನ್ನು ಒಪ್ಪಿಸಬೇಕಾದೀತು, ಆದ್ದರಿಂದ ಕೇಂದ್ರದ ದೂರವಾಣಿ ಸಂಖ್ಯೆಯನ್ನು ಮನೆಯವರಿಗೆ ಕೊಟ್ಟು, ತುರ್ತು ಇದ್ದರೆ ಮಾತ್ರ ಕರೆಯುವಂತೆ ಹೇಳಿ ಬನ್ನಿ.

ಶ್ರೀಲಂಕಾ, ಬರ್ಮಾ, ಥಾಯ್ಲೆಂಡ್‌ಗಳಲ್ಲಿ ಪ್ರಚಲಿತವಾದ ಬೌದ್ಧ ಶಾಖೆ ಥೇರವಾದದ ವಿಹಾರಗಳಲ್ಲಿ ತಂಗುವವರಿಗೆ ಸಾಮಾನ್ಯವಾಗಿ ಅಷ್ಟಶೀಲವನ್ನು, ಅಂದರೆ ಎಂಟು ನಿಯಮಗಳನ್ನು, ಬೋಧಿಸುತ್ತಾರೆ. ಕೊಲ್ಲದಿರುವುದು, ಕದಿಯದಿರುವುದು, ಬ್ರಹ್ಮಚರ್ಯ, ಸುಳ್ಳಾಡದಿರುವುದು, ಅಮಲು ಪದಾರ್ಥ ಸೇವಿಸದಿರುವುದು ಇವುಗಳ ಜೊತೆಗೆ ಮಧ್ಯಾಹ್ನದ ನಂತರ ಉಣ್ಣದಿರುವುದು, ಮನರಂಜನೆ ಮತ್ತು ಅಲಂಕಾರಗಳಿಂದ ದೂರವಿರುವುದು, ಎತ್ತರದ ಸುಖಾಸನಗಳನ್ನು ಬಿಡುವುದು ಸೇರಿವೆ. ಸೊಳ್ಳೆಯನ್ನು ಹೊಡೆಯುವಂತಿಲ್ಲ ಎಂಬುದು ನೆನಪಿಗೆ ಬರುವುದು ಕೈ ಎತ್ತಿದ ಮೇಲೆಯೇ! ರಾತ್ರಿಯೂಟವಿಲ್ಲವೆಂದು ಹೆದರಿ ಮಧ್ಯಾಹ್ನ ಎರಡು ಪಾಲು ಉಂಡವರು ಅಪರಾಹ್ನದ ಧ್ಯಾನದಲ್ಲಿ ತೂಕಡಿಸುತ್ತಾರೆ. ಸಂಜೆಯ ಹಸಿವು ಎರಡು ದಿನಗಳಲ್ಲಿ ತಹಬಂದಿಗೆ ಬರುತ್ತದೆ. ಮಧುಮೇಹ ಇರುವವರು ಮಾತ್ರ ಮೊದಲೇ ತಿಳಿಸಿ ಬೇರೆ ಏರ್ಪಾಡು ಮಾಡಿಕೊಳ್ಳಬೇಕು.

ಧ್ಯಾನಮಂದಿರದ ಹೊರಗೆ ಪಾದರಕ್ಷೆ ಬಿಡಿ, ಬುದ್ಧನ ವಿಗ್ರಹದ ಕಡೆಗಾಗಲಿ ಭಿಕ್ಷುಗಳ ಕಡೆಗಾಗಲಿ ಕಾಲು ಚಾಚಬೇಡಿ. ಥೇರವಾದದ ಭಿಕ್ಷುಗಳು ಸ್ತ್ರೀಯರನ್ನು ಮುಟ್ಟುವುದಿಲ್ಲ, ಆದ್ದರಿಂದ ಮಹಿಳೆಯರು ಏನನ್ನಾದರೂ ಕೊಡಬೇಕಾದಾಗ ಅವರ ಎದುರಿಗಿಟ್ಟರೆ ಅಥವಾ ಅವರು ಹಾಸಿದ ಬಟ್ಟೆಯ ಮೇಲಿಟ್ಟರೆ ಸಾಕು. ನಮಸ್ಕರಿಸಲೇಬೇಕೆಂಬ ಒತ್ತಾಯ ಸಾಮಾನ್ಯವಾಗಿ ಇರುವುದಿಲ್ಲ, ಎಲ್ಲರೂ ಬಾಗುವಾಗ ಸುಮ್ಮನೆ ಕುಳಿತಿರಬಹುದು.

ಶಿಬಿರದಲ್ಲಿ ಪಾಲಿಸಬೇಕಾದ ಆರ್ಯಮೌನವೆಂದರೆ ಬಾಯಿ ಮುಚ್ಚಿಕೊಳ್ಳುವುದಷ್ಟೇ ಅಲ್ಲ, ಕಣ್ಸನ್ನೆ, ಕೈಸನ್ನೆ, ಚೀಟಿಗಳಿಗೂ ಅಲ್ಲಿ ಅವಕಾಶವಿಲ್ಲ. ಬಾಗಿಲನ್ನು ಸದ್ದಿಲ್ಲದೆ ಮುಚ್ಚುವುದೂ ಅದರ ಭಾಗವೇ. ಆದರೆ ಶಿಕ್ಷಕರೊಡನೆ ಸಾಧನೆಯ ಬಗ್ಗೆ, ವ್ಯವಸ್ಥಾಪಕರೊಡನೆ ಅಗತ್ಯಗಳ ಬಗ್ಗೆ ಮಾತಾಡಬಹುದು. ಶಿಕ್ಷಕರನ್ನು ಕಂಡಾಗ ಅನುಭವವನ್ನು ಅಲಂಕರಿಸದೆ ಹೇಳಿ: ‘ಹತ್ತು ನಿಮಿಷದ ನಂತರ ನಿದ್ದೆ ಬರುತ್ತದೆ’ ಎಂಬ ಮಾತಿನಿಂದ ಅವರಿಗೆ ತಿಳಿಯುವಷ್ಟು ‘ಏನೋ ಬೆಳಕು ಕಂಡಂತಾಯಿತು’ ಎಂಬುದರಿಂದ ತಿಳಿಯುವುದಿಲ್ಲ. ಎರಡನೆಯ ಅಥವಾ ಮೂರನೆಯ ದಿನ ಬಿಟ್ಟು ಹೋಗಬೇಕೆನಿಸುವುದು ಬಹುತೇಕ ಎಲ್ಲರಿಗೂ ಆಗುವುದೇ. ಗಂಟು ಕಟ್ಟುವ ಮುನ್ನ ಶಿಕ್ಷಕರ ಬಳಿ ಹೇಳಿ, ಒಂದು ರಾತ್ರಿ ಕಳೆಯಲು ಬಿಡಿ. ನಿದ್ದೆ ಪೂರ್ತಿ ಕೆಟ್ಟರೆ, ಭಯ ವಿಪರೀತವಾದರೆ ಅದು ಬೇರೆ ವಿಷಯ, ಆಗ ಹೊರಡುವುದೇ ಸರಿ.

ಗೋಯೆಂಕಾ ಪರಂಪರೆಯ ಕೇಂದ್ರಗಳು ಶುಲ್ಕ ಪಡೆಯುವುದಿಲ್ಲ. ಶಿಬಿರ ಮುಗಿಸಿದವರು ಮುಂದೆ ಬರುವವರಿಗಾಗಿ ಕೊಡುವ ದಾನದಿಂದಲೇ ಅವು ನಡೆಯುತ್ತವೆ. ವಿಹಾರಗಳಲ್ಲಿ ಹಣವನ್ನು ಭಿಕ್ಷುಗಳ ಕೈಗೆ ಕೊಡದೆ ಪೆಟ್ಟಿಗೆಗೆ ಹಾಕಿ. ಹೊರಡುವ ದಿನ ಹಾಸಿಗೆಯ ಹೊದಿಕೆ ಬಿಚ್ಚಿ, ಕೋಣೆ ಗುಡಿಸಿ, ದಿಂಬನ್ನು ಮೊದಲಿದ್ದ ಜಾಗದಲ್ಲಿಡಿ. ಮನೆಗೆ ತಲುಪಿದ ದಿನವೇ ಕೆಲಸಕ್ಕೆ ಹಾಜರಾಗುವಂತೆ ಟಿಕೆಟ್ ಮಾಡಿಸಿಕೊಳ್ಳಬೇಡಿ, ಫೋನಿನಲ್ಲಿ ಕೂಡಿಬಿದ್ದ ಸಂದೇಶಗಳನ್ನು ಪ್ರಯಾಣದಲ್ಲಿಯೇ ಓದಲು ಕೂರಬೇಡಿ.