ಕಾರಿಗೆ ಯಾವ ಬಣ್ಣ? ಶೋರೂಮ್‌ಗೆ ಹೋಗುವ ಮೊದಲು ನಿಮ್ಮ ಅಂಗಳ ನೋಡಿ

ಯಾವ ಕಾರು ಎಂದು ಗೊತ್ತುಮಾಡಲು ಮನೆಮಂದಿಯೆಲ್ಲ ಸೇರಿ ಆರು ತಿಂಗಳು ಚರ್ಚೆ ಮಾಡುತ್ತೇವೆ. ಪೆಟ್ರೋಲೋ ಡೀಸೆಲೋ, ಸನ್‌ರೂಫ್ ಬೇಕೋ ಬೇಡವೋ, ಡಿಕ್ಕಿಯಲ್ಲಿ ಎರಡು ಅಕ್ಕಿಮೂಟೆ ಹಿಡಿಯುತ್ತದೋ ಇಲ್ಲವೋ. ಬಣ್ಣದ ಮಾತು ಬರುವುದು ಕೊನೆಗೆ, ಬುಕಿಂಗ್ ಫಾರ್ಮ್ ತುಂಬುವಾಗ. ‘ಬಿಳಿ ಆದ್ರೆ ಹದಿನೈದು ದಿನ, ಬೇರೆ ಆದ್ರೆ ಎರಡು ತಿಂಗಳು ವೇಟಿಂಗ್ ಸರ್’ ಎಂದು ಶೋರೂಮ್ ಹುಡುಗ ಹೇಳಿದ್ದೇ ತಡ, ಬಿಳಿ ಎಂದು ಬರೆಸಿ ಅಡ್ವಾನ್ಸ್ ಕೊಟ್ಟು ಬರುತ್ತೇವೆ. ಮುಂದಿನ ಎಂಟು ಹತ್ತು ವರ್ಷ ತೊಳೆಯುವವರು ಮಾತ್ರ ನಾವೇ.

ಸೆಡಾನ್‌ಗಳಲ್ಲಿ ಈ ಪ್ರಶ್ನೆ ಇನ್ನೂ ದೊಡ್ಡದು. ಉದ್ದದ ಬಾನೆಟ್, ಹಿಂದೆ ಅಷ್ಟೇ ಅಗಲದ ಡಿಕ್ಕಿ. ಆಕಾಶಕ್ಕೆ ಮುಖ ಮಾಡಿ ಮಲಗಿದ ತಗಡೇ ಹೆಚ್ಚು. ಬಿಸಿಲು, ಮಳೆ, ಕಾಗೆ, ಬಾವಲಿ ಎಲ್ಲ ಮೊದಲು ಬೀಳುವುದು ಅಲ್ಲಿಗೇ.

ಮೊದಲು: ಕಾರು ಎಲ್ಲಿ ನಿಲ್ಲುತ್ತದೆ?

ಬಣ್ಣದ ಕಾರ್ಡು ಬಿಡಿಸುವ ಮೊದಲು ನಿಮ್ಮ ಅಂಗಳದಲ್ಲಿ ನಿಂತು ಮೇಲೆ ನೋಡಿ. ಮಾವಿನಮರ ಇದೆಯೋ, ನೇರಳೆಯೋ, ಗೇರೋ, ಇಲ್ಲ ಬರೇ ಆಕಾಶವೋ. ಪ್ರತಿ ಬಣ್ಣವೂ ಒಂದನ್ನು ಮುಚ್ಚಿಡುತ್ತದೆ, ಇನ್ನೊಂದನ್ನು ಎತ್ತಿ ತೋರಿಸುತ್ತದೆ. ನಿಮ್ಮ ಅಂಗಳದಲ್ಲಿ ಏನು ಬೀಳುತ್ತದೋ ಅದನ್ನು ಮುಚ್ಚಿಡುವ ಬಣ್ಣ ಬೇಕೋ, ತೋರಿಸುವ ಬಣ್ಣ ಬೇಕೋ ಎನ್ನುವುದೇ ಪ್ರಶ್ನೆ.

ಕಾರವಾರದಲ್ಲಿ ಕಡಲತೀರದ ಹತ್ತಿರ ಮನೆಯಿದ್ದರೆ ರಾತ್ರಿ ನಿಲ್ಲಿಸಿದ ಕಪ್ಪು ಕಾರಿನ ಮೇಲೆ ಬೆಳಿಗ್ಗೆ ಬೆರಳಾಡಿಸಿ. ತೆಳುವಾದ ಬೂದಿ ಪದರ ಬೆರಳಿಗೆ ಅಂಟುತ್ತದೆ. ನಾಲಿಗೆಗೆ ಮುಟ್ಟಿಸಿದರೆ ಉಪ್ಪು. ಬಿಳಿ ಕಾರಿನ ಮೇಲೂ ಅಷ್ಟೇ ಉಪ್ಪು ಕೂತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಕಾಣದ್ದನ್ನು ಯಾರೂ ತೊಳೆಯುವುದಿಲ್ಲ. ಆದರೆ ತುಕ್ಕಿನ ವಿಷಯದಲ್ಲಿ ಲೆಕ್ಕ ತಿರುಗುಮುರುಗು. ಬಾಗಿಲ ಕೆಳಅಂಚಿನಲ್ಲಿ, ಚಕ್ರದ ಕಮಾನಿನಲ್ಲಿ ತುಕ್ಕು ಶುರುವಾದರೆ ಬಿಳಿ ಕಾರಿನಲ್ಲಿ ಸಾಸಿವೆ ಕಾಳಿನಷ್ಟಿರುವಾಗಲೇ ಗೊತ್ತಾಗುತ್ತದೆ. ಕಡುಕಂದು, ಕಡುಗೆಂಪು ಕಾರುಗಳಲ್ಲಿ ಅದು ರೂಪಾಯಿ ಅಗಲ ಆಗುವ ತನಕ ಪತ್ತೆಯೇ ಇಲ್ಲ. ಬಣ್ಣ ಯಾವುದಾದರೂ ಉಪ್ಪು ತಗಡನ್ನು ತಿನ್ನುವ ವೇಗ ಒಂದೇ. ನಮಗೆ ಸುದ್ದಿ ಯಾವಾಗ ಮುಟ್ಟುತ್ತದೆ ಎನ್ನುವುದಷ್ಟೇ ಬೇರೆ.

ಘಟ್ಟದ ಮೇಲೆ, ಸಿರ್ಸಿ ಸಿದ್ದಾಪುರದ ತೋಟದ ಮನೆಗಳಲ್ಲಿ ಕಥೆ ಬೇರೆ. ಮಳೆಗಾಲ ಶುರುವಾಗುತ್ತಲೇ ಅಡಿಕೆಗೆ ಕೊಳೆಮದ್ದು ಹೊಡೆಯುತ್ತಾರಲ್ಲ, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರಿನ ಬೋರ್ಡೊ ದ್ರಾವಣ, ಗಾಳಿ ಈ ಕಡೆ ಬೀಸಿದರೆ ಅದರ ಹನಿಗಳು ಕಾರಿನ ಮೇಲೂ ಕೂರುತ್ತವೆ. ಒಣಗಿದ ಮೇಲೆ ತಿಳಿನೀಲಿ ಚುಕ್ಕೆ. ಬಿಳಿ, ಸಿಲ್ವರ್ ಕಾರಿನಲ್ಲಿ ಹುಡುಕಿದರೆ ಸಿಗುತ್ತದೆ. ಕಪ್ಪು ಅಥವಾ ಕಡುನೀಲಿಯಲ್ಲಿ ಸಿಡುಬು ಎದ್ದ ಹಾಗೆ ಕಾಣುತ್ತದೆ. ಒಣಬಟ್ಟೆಯಲ್ಲಿ ಉಜ್ಜಿದಿರೋ, ಸುಣ್ಣದ ಕಣ ಗೀರು ಹಾಕದೆ ಬಿಡುವುದಿಲ್ಲ. ಒದ್ದೆಬಟ್ಟೆ ಹಾಸಿ ಹತ್ತು ನಿಮಿಷ ನೆನೆಯಬಿಟ್ಟು ನೀರು ಹೊಯ್ಯಬೇಕು.

ಕೆಂಪು ಕೆಸರು ಎಲ್ಲರಿಗೂ ಸಮ. ಹೊಸ ಕಾರಿನ ಬಣ್ಣದ ಬಗ್ಗೆ ನಾನು ತಲೆಕೆಡಿಸಿಕೊಂಡು ಕೂತಿದ್ದಾಗ ಸಿರ್ಸಿಯ ಭಾವ ಒಂದೇ ಮಾತಲ್ಲಿ ಮುಗಿಸಿದ: ‘ಯಾವ ಬಣ್ಣ ತಗಂಡ್ರೂ ಮಳೆಗಾಲ್ದಲ್ಲಿ ಎಲ್ಲಾ ಕೆಂಪೇಯ.’

ಬಣ್ಣದ ಜಾತಿ ತಿಳಿದುಕೊಳ್ಳಿ

ಕಾರಿನ ತಗಡಿಗೆ ಬಣ್ಣ ಒಂದೇ ಪದರವಲ್ಲ. ಕೆಳಗೆ ತುಕ್ಕು ತಡೆಯುವ ಪದರ. ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿ ಅದನ್ನು ಅಂಟಿಸುತ್ತಾರೆ. ಅದರ ಮೇಲೆ ಪ್ರೈಮರ್, ಮೇಲೆ ನಮಗೆ ಕಾಣುವ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂಥ ಕ್ಲಿಯರ್ ಕೋಟ್. ಎಲ್ಲ ಸೇರಿ ನೂರು, ನೂರಿಪ್ಪತ್ತು ಮೈಕ್ರಾನ್ ಆಸುಪಾಸು, ಎರಡು ಕೂದಲೆಳೆಯ ದಪ್ಪವೂ ಕಷ್ಟ. ‘ಪಾಲಿಶ್ ಹೊಡೆಸಿದರೆ ಹೊಸದಾಗುತ್ತದೆ’ ಎಂದು ವರ್ಷಕ್ಕೆರಡು ಸಲ ಉಜ್ಜಿಸುವವರು ಈ ಅಳತೆ ನೆನಪಿಡಬೇಕು. ಪ್ರತಿ ಪಾಲಿಶ್‌ನಲ್ಲೂ ಒಂದಿಷ್ಟು ಕ್ಲಿಯರ್ ಕೋಟ್ ಸವೆದೇ ಹೋಗುತ್ತದೆ.

ಶೋರೂಮ್‌ನಲ್ಲಿ ಕೇಳಬರುವ ಹೆಸರು ಏನೇ ಇರಲಿ, ಒಳಗಿರುವುದು ಮೂರು ಜಾತಿ. ಸಾಲಿಡ್ ಎಂದರೆ ಬರೇ ಬಣ್ಣದ ಪುಡಿ. ಸಾದಾ ಬಿಳಿಯಲ್ಲಿರುವುದು ಟೈಟಾನಿಯಂ ಡೈಆಕ್ಸೈಡ್. ಮೆಟಾಲಿಕ್ ಎಂದರೆ ಅದರಲ್ಲಿ ಅಲ್ಯೂಮಿನಿಯಂನ ಸಣ್ಣ ಸಣ್ಣ ಹಾಳೆ. ಪರ್ಲ್ ಎಂದರೆ ಅಭ್ರಕದ ಹಾಳೆ. ನೋಡುವ ಕೋನ ಬದಲಾದಂತೆ ಹೊಳಪಿನ ಬಣ್ಣವೂ ಬದಲಾಗುತ್ತದೆ. ಪರ್ಲ್ ಬಿಳಿಯಲ್ಲಿ ಸಾಮಾನ್ಯವಾಗಿ ಕೆಳಗೊಂದು ಬಿಳಿ, ಮೇಲೊಂದು ಮುತ್ತಿನ ಪದರ, ಆಮೇಲೆ ಕ್ಲಿಯರ್. ಅದಕ್ಕೇ ಹೆಚ್ಚು ದುಡ್ಡು ಕೇಳುವುದು. ಅವರು ಹೇಳಿದ ದರ ಯಾವ ಬಿಳಿಯದು ಎಂದು ಬಾಯಿಬಿಟ್ಟು ಕೇಳಿ. ಡೆಲಿವರಿ ದಿನ ‘ಅದು ಸಾದಾ ಬಿಳಿ ಸರ್, ನೀವು ನೋಡಿದ್ದು ಪರ್ಲ್’ ಎನ್ನಿಸಿಕೊಳ್ಳಬೇಡಿ.

ರಿಪೇರಿಯ ಲೆಕ್ಕ ಈಗಲೇ ಹಾಕಿ

ಎಲ್ಲರೂ ಬಿಟ್ಟುಬಿಡುವ ಹೆಜ್ಜೆ ಇದು. ನಾನೂ ಬಿಟ್ಟಿದ್ದೆ.

ನನ್ನ ಮೊದಲ ಸೆಡಾನ್ ಸಿಲ್ವರ್. ಎರಡನೇ ವರ್ಷ ಒಂದು ಟೆಂಪೋ ಹಿಂದಿನ ಬಾಗಿಲಿಗೆ ಒರೆಸಿಕೊಂಡು ಹೋಯಿತು. ಟಿಂಕರಿಂಗ್ ಚೆನ್ನಾಗಿಯೇ ಆಯಿತು, ಪುಟ್ಟಿ ತುಂಬಿ ಬಣ್ಣ ಹೊಡೆದು, ಸಂಜೆ ಟ್ಯೂಬ್‌ಲೈಟಿನಲ್ಲಿ ತೋರಿಸಿದರು. ಎಲ್ಲಿ ಪೆಟ್ಟಾಗಿತ್ತೆಂದು ನನಗೇ ಗೊತ್ತಾಗಲಿಲ್ಲ. ಮರುದಿನ ಹನ್ನೊಂದು ಗಂಟೆ ಬಿಸಿಲಿನಲ್ಲಿ ನೋಡುತ್ತೇನೆ, ಮುಂದಿನ ಬಾಗಿಲು ಬೆಳ್ಳಿ, ಹಿಂದಿನದು ಸೀಸ. ಎಡಗಡೆಯಿಂದ ನೋಡಿದರೆ ಕಪ್ಪಗೆ, ಬಲಕ್ಕೆ ಸರಿದರೆ ಬೆಳ್ಳಗೆ. ವಾಪಸ್ ಒಯ್ದರೆ ‘ಕೋಡ್ ಅದೇ ಹಾಕಿದ್ದು ಸರ್’ ಎಂದರು. ಅವರು ಹೇಳಿದ್ದು ಸುಳ್ಳೂ ಅಲ್ಲ. ಮೆಟಾಲಿಕ್‌ನಲ್ಲಿ ಅಲ್ಯೂಮಿನಿಯಂ ಹಾಳೆಗಳು ಮಲಗಿವೆಯೋ ನಿಂತಿವೆಯೋ ಎನ್ನುವುದು ಬಣ್ಣ ಸಿಂಪಡಿಸುವ ಗನ್ ಎಷ್ಟು ದೂರ ಹಿಡಿದರು, ಎಷ್ಟು ಒದ್ದೆಯಾಗಿ ಹೊಡೆದರು ಎನ್ನುವುದರ ಮೇಲೆ ನಿಂತಿದೆ. ಬಣ್ಣ ಒಂದೇ, ಬೆಳಕು ತಿರುಗಿಸುವ ಬಗೆ ಬೇರೆ. ಅದಕ್ಕೆ ತಿಳಿದ ಪೇಂಟರ್‌ಗಳು ಮೆಟಾಲಿಕ್ ಆದರೆ ಪಕ್ಕದ ಬಾಗಿಲಿಗೂ ಅರ್ಧ ತನಕ ತೆಳುವಾಗಿ ಹಾಯಿಸುತ್ತಾರೆ. ಒಂದು ಬಾಗಿಲ ಪೆಟ್ಟಿಗೆ ಎರಡು ಬಾಗಿಲ ಖರ್ಚು. ಪರ್ಲ್ ಬಿಳಿಯಲ್ಲಿ ಇದು ಇನ್ನೂ ಸೂಕ್ಷ್ಮ. ಸಾಲಿಡ್ ಬಿಳಿಯಲ್ಲಿ ಹಾಳೆಗಳ ರಗಳೆಯೇ ಇಲ್ಲ, ಊರಿನ ಸಾಮಾನ್ಯ ಗ್ಯಾರೇಜಿನಲ್ಲೂ ಹೊಂದಿಸಬಹುದು. ಟ್ಯಾಕ್ಸಿಯವರು ಬಿಳಿ ಹಿಡಿದಿರುವುದಕ್ಕೆ ತಂಪಿಗಿಂತ ದೊಡ್ಡ ಕಾರಣ ಇದು ಎಂದು ನನ್ನ ಅಂದಾಜು.

ಕಂಪನಿಯಲ್ಲಿ ಬಣ್ಣ ಗಟ್ಟಿಯಾಗುವುದು ಸುಮಾರು 140 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ. ಗ್ಯಾರೇಜಿನ ಬಣ್ಣ ಹೊಡೆಯುವ ಕೋಣೆ, ಅಂದರೆ ಬೂತ್‌ನಲ್ಲಿ 60ರ ಸುತ್ತಮುತ್ತ, ಏಕೆಂದರೆ ಪೂರ್ತಿ ಜೋಡಿಸಿದ ಕಾರಿನಲ್ಲಿ ಪ್ಲಾಸ್ಟಿಕ್ಕು, ವೈರು, ರಬ್ಬರು ಎಲ್ಲ ಇರುತ್ತದೆ. ಬೂತ್ ಇಲ್ಲದ ಕಡೆ ಜುಲೈ ತಿಂಗಳಲ್ಲಿ ಹೊಡೆಸಿದರಂತೂ ತೇವಕ್ಕೆ ಮೇಲ್ಮೈ ಹಾಲು ಬಳಿದಂತೆ ಮಂಕಾಗುವುದುಂಟು. ಕಾರು ಓಡುವಂತಿದ್ದರೆ ದೀಪಾವಳಿ ಕಳೆಯುವ ತನಕ ಕಾಯಿರಿ. ಕೆಲಸ ಮುಗಿದ ಮೇಲೆ ಹಗಲಲ್ಲೇ ನೋಡಿ ದುಡ್ಡು ಕೊಡಿ.

ಹೊಸ ಕಾರು ಬಂದ ದಿನವೇ ಬಣ್ಣದ ಕೋಡ್ ಹುಡುಕಿ ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಬಾಗಿಲ ಕಂಬದ ಮೇಲೋ ಬಾನೆಟ್ ಒಳಗೋ ಅಂಟಿಸಿದ ಪಟ್ಟಿಯಲ್ಲಿ ಇರುತ್ತದೆ. ‘ವೈಟ್’ ಎಂದು ಹೇಳಿ ಟಚ್‌ಅಪ್ ಬಣ್ಣ ಕೇಳಿದರೆ ಪ್ರಯೋಜನವಿಲ್ಲ. ಒಂದು ಕಂಪನಿಯ ಬಿಳಿ ಕೆನೆಯಂತಿದ್ದರೆ ಇನ್ನೊಂದರದು ನೀಲಿ ಹಾಕಿದ ಪಂಚೆಯಂತೆ. ಮಗಳ ನೇಲ್‌ಪಾಲಿಶ್ ಹಚ್ಚುವ ಉಪಾಯ ನಾನು ಮಾಡಿ ನೋಡಿದ್ದೇನೆ, ನೀವು ಮಾಡಬೇಡಿ.

ಬಿಸಿಲು, ಮಂಜು, ಮಳೆ

ಕಪ್ಪು ಕಾಯುತ್ತದೆ ಎನ್ನುವುದು ಬರೇ ಬಾಯಿಮಾತಲ್ಲ. ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದವರು 2011ರಲ್ಲಿ ಒಂದು ಕಪ್ಪು, ಒಂದು ಸಿಲ್ವರ್ ಹೋಂಡಾ ಸಿವಿಕ್ ಬಿಸಿಲಿಗೆ ನಿಲ್ಲಿಸಿ ಅಳೆದರು. ಮಾಡಿನ ಬಿಸಿಯಲ್ಲಿ 25 ಡಿಗ್ರಿಯವರೆಗೆ ವ್ಯತ್ಯಾಸ. ಒಳಗಿನ ಗಾಳಿಯಲ್ಲಿ ಐದಾರು ಡಿಗ್ರಿ. ಮುರ್ಡೇಶ್ವರದ ಪಾರ್ಕಿಂಗ್‌ನಲ್ಲಿ ಏಪ್ರಿಲ್ ತಿಂಗಳು ಎರಡು ತಾಸು ನಿಲ್ಲಿಸಿದವರಿಗೆ ಆ ಐದಾರು ಡಿಗ್ರಿಯ ಬೆಲೆ ಗೊತ್ತು.

ಕಾಣಿಸುವ ವಿಷಯಕ್ಕೆ ಬಂದರೆ, ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಹಗಲು ಹೊತ್ತು ಬಿಳಿ ಕಾರಿಗಿಂತ ಕಪ್ಪು ಕಾರಿಗೆ ಅಪಘಾತದ ಸಾಧ್ಯತೆ ಶೇ 12ರಷ್ಟು ಹೆಚ್ಚು ಎಂದು ಕಂಡುಬಂದಿತ್ತು. ಬೂದು, ಸಿಲ್ವರ್ ಕೂಡ ಕಪ್ಪಿಗೆ ಹತ್ತಿರವೇ. ನಮ್ಮ ದೇವಿಮನೆ ಘಟ್ಟದಲ್ಲಿ ಆಗಸ್ಟ್ ತಿಂಗಳ ಬೆಳಿಗ್ಗೆ ರಸ್ತೆ, ಮಳೆ, ಆಕಾಶ ಮೂರೂ ಬೂದು. ಅದರ ನಡುವೆ ಬೂದು ಕಾರು ತಿರುವಿನಲ್ಲಿ ಎದುರಾದರೆ ಮೊದಲು ಕಾಣುವುದು ನಂಬರ್ ಪ್ಲೇಟ್. ಹಾಗೆಂದು ಮಂಜಿನಲ್ಲಿ ಬಿಳಿ ಏನೂ ಎದ್ದು ಕಾಣುವುದಿಲ್ಲ. ಬಣ್ಣ ಯಾವುದಿದ್ದರೂ ಹೆಡ್‌ಲೈಟ್ ಹಾಕಿ.

ಬಾಡಿಗೆಗೆ ಬಿಡುವ ಕಾರಾದರೆ

ಬಾಡಿಗೆ ಕಾರಿಗೂ ಬಣ್ಣಕ್ಕೂ ಹಳೆಯ ನಂಟು. ಸರ್ಕಾರಿ ಕಾರು ಎಂದರೆ ಬಿಳಿ ಅಂಬಾಸಡರ್, ಕೋಲ್ಕತ್ತದಲ್ಲಿ ಅದೇ ಕಾರು ಹಳದಿ. 2014ರಲ್ಲಿ ಅದರ ತಯಾರಿಕೆ ನಿಂತಿತು. ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿ ಎಂದರೆ ಕಪ್ಪು ಹಳದಿ ಆಗಿತ್ತು. ಅಮೆರಿಕದಲ್ಲಿ ಫೋರ್ಡ್ ಕ್ರೌನ್ ವಿಕ್ಟೋರಿಯಾ ಎಂಬ ಭಾರೀ ಸೆಡಾನ್ 2011ರವರೆಗೆ ತಯಾರಾಯಿತು. ಪೊಲೀಸರಲ್ಲಿ ಕಪ್ಪು ಬಿಳಿ, ನ್ಯೂಯಾರ್ಕ್ ಟ್ಯಾಕ್ಸಿಗಳಲ್ಲಿ ಹಳದಿ. ಜಾಣತನ ಜರ್ಮನ್ ಟ್ಯಾಕ್ಸಿಯವರದು. ಅಲ್ಲಿ 1971ರಿಂದ ಟ್ಯಾಕ್ಸಿಗೆ ತಿಳಿಯಾದ ದಂತದ ಬಣ್ಣ ಎಂದು ನಿಯಮ ಬಂತು. ಹಳೆಯದಾದ ಮೇಲೆ ಆ ಬಣ್ಣದ ಕಾರು ಯಾರಿಗೂ ಬೇಡ. ಹಾಗಾಗಿ ಎಷ್ಟೋ ಮಂದಿ ಕಪ್ಪು ಕಾರು ಕೊಂಡು ಮೇಲೆ ದಂತಬಣ್ಣದ ಫಿಲ್ಮ್ ಅಂಟಿಸುತ್ತಾರೆ, ಮಾರುವಾಗ ಸುಲಿದು ಕೊಡುತ್ತಾರೆ.

ನಮ್ಮಲ್ಲಿ ಟ್ಯಾಕ್ಸಿಗೆಂದೇ ಬರುವ ಸೆಡಾನ್‌ಗಳ ಬಣ್ಣದ ಪಟ್ಟಿ ಹೇಗೂ ಮೂರ್ನಾಲ್ಕಕ್ಕೆ ಮುಗಿಯುತ್ತದೆ. ಎರಡು ಮೂರು ಕಾರು ಇಟ್ಟುಕೊಂಡು ನಡೆಸುವವರಾದರೆ ಕಣ್ಣುಮುಚ್ಚಿ ಸಾಲಿಡ್ ಬಿಳಿ, ಅದೂ ಒಂದೇ ಕಂಪನಿಯದು. ಒಂದೇ ಡಬ್ಬಿ ಬಣ್ಣ ಎಲ್ಲದಕ್ಕೂ ಆಗುತ್ತದೆ. ಹಳದಿ ನಂಬರ್ ಪ್ಲೇಟ್ ಹಾಕಿದ ಮೇಲೆ ಪರ್ಮಿಟ್‌ಗೆ ತಕ್ಕ ಗುರುತು, ಬರಹ ಏನು ಬೇಕೆಂದು ಆರ್‌ಟಿಒದಲ್ಲಿ ಮೊದಲೇ ಕೇಳಿಕೊಳ್ಳಿ.

ಸ್ವಂತಕ್ಕೆ ಕೊಳ್ಳುವವರಿಗೆ ನನ್ನ ಸಲಹೆ ತಿರುಗಿ ಬೀಳುತ್ತದೆ. ಟ್ಯಾಕ್ಸಿಯಾಗಿ ಓಡುವ ಮಾದರಿಯನ್ನೇ ಬಿಳಿಯಲ್ಲಿ ಕೊಂಡರೆ ಮಾರುವಾಗ ‘ಯಲ್ಲೋ ಬೋರ್ಡ್ ಇತ್ತಾ?’ ಎಂಬ ಪ್ರಶ್ನೆಗೆ ಉತ್ತರ ಕೊಡುತ್ತಲೇ ಇರಬೇಕು. ಸಿಲ್ವರ್ ಮಾರಿ ನಾನು ತಂದದ್ದು ಬಿಳಿ. ಗೋಕರ್ಣ ರೋಡ್ ಸ್ಟೇಷನ್ ಎದುರು ನೆಂಟರಿಗಾಗಿ ಕಾಯುತ್ತ ಕೂತಿದ್ದಾಗ ಬ್ಯಾಗು ಹೊತ್ತ ಹುಡುಗನೊಬ್ಬ ಗಾಜು ತಟ್ಟಿ, ‘ಓಂ ಬೀಚಿಗೆ ಎಷ್ಟು ಅಂಕಲ್?’ ಎಂದ.

ಹಳೆಯ ಕಾರು ನೋಡಿ

ಬಣ್ಣ ಒಂದೋ ಎರಡೋ ಎಂಬಲ್ಲಿಗೆ ಬಂದಾಗ ಶೋರೂಮ್ ದೀಪದ ಕೆಳಗಿನ ಕಾರು ನೋಡುವುದನ್ನು ಬಿಟ್ಟು, ಅದೇ ಬಣ್ಣದ ನಾಲ್ಕೈದು ವರ್ಷ ಹಳೆಯ ಕಾರು ಹುಡುಕಿ. ಟ್ಯಾಕ್ಸಿ ಸ್ಟ್ಯಾಂಡ್‌ನಲ್ಲಿ ಸಿಗುತ್ತದೆ. ಮೂರು ಜಾಗ ನೋಡಿ. ಬಾಗಿಲ ಹಿಡಿಕೆಯ ಹಿಂದಿನ ಗುಳಿ: ಉಗುರು, ಉಂಗುರ ತಾಗಿ ಆದ ಗೀರು ಕಪ್ಪಿನಲ್ಲಿ ಬೆಕ್ಕು ಪರಚಿದಂತೆ, ಸಿಲ್ವರ್‌ನಲ್ಲಿ ಲೆಕ್ಕಕ್ಕಿಲ್ಲ. ಡಿಕ್ಕಿಯ ಅಂಚು: ಸೂಟ್‌ಕೇಸ್ ಎಳೆದ ಗುರುತು. ಬಾನೆಟ್ ಮಟ್ಟಸ: ಬಿಸಿಲಿಗೆ ಓರೆಯಾಗಿ ನಿಂತು ನೋಡಿದರೆ ಜೇಡರಬಲೆಯಂಥ ಸುತ್ತುಗೀರು ಕಾಣುತ್ತದೆ. ಅದು ಬೆಳಿಗ್ಗೆ ಒಣಬಟ್ಟೆಯಲ್ಲಿ ಧೂಳು ಒರೆಸಿದ್ದರ ಫಲ. ನಮ್ಮ ಕೆಂಪುಮಣ್ಣಿನ ಧೂಳು ಮರಳುಕಾಗದಕ್ಕಿಂತ ಕಡಿಮೆಯಲ್ಲ. ದಿನಾ ನೀರು ಹೊಯ್ದು ತೊಳೆಯುವ ವ್ಯವಧಾನ ಇಲ್ಲದವರು ಕಪ್ಪು ತೆಗೆದುಕೊಳ್ಳಬಾರದು, ಉದ್ದ ಸೆಡಾನ್‌ಗೆ ಅದು ಎಷ್ಟೇ ಒಪ್ಪಲಿ. ಒಪ್ಪುವುದಂತೂ ನಿಜ.

ಒಳಗಿನ ಸೀಟು ಬೀಜ್ ಬಣ್ಣದ್ದೋ ಕಪ್ಪೋ ಎಂಬ ಆಯ್ಕೆ ಇದ್ದರೆ, ಜೂನ್ ತಿಂಗಳಲ್ಲಿ ತೋಟದಿಂದ ಬಂದು ಕೂರುವವರ ಕಾಲು ನೆನಪಿಸಿಕೊಳ್ಳಿ.

ಕಾಗದ ಪತ್ರ

ಆರ್‌ಸಿಯಲ್ಲಿ ಕಾರಿನ ಬಣ್ಣವೂ ನಮೂದಾಗಿರುತ್ತದೆ. ಮುಂದೆ ಬೇರೆ ಬಣ್ಣ ಹೊಡೆಸುವುದಾದರೆ ಆರ್‌ಟಿಒದಲ್ಲಿ ಅನುಮತಿ ಪಡೆದು ತಿದ್ದಿಸಬೇಕು, ವಿಮೆಯವರಿಗೂ ತಿಳಿಸಬೇಕು. ಕಾರವಾರದ ಕೆಎ 30 ಇರಲಿ, ಸಿರ್ಸಿಯ ಕೆಎ 31 ಇರಲಿ, ನಿಯಮ ಒಂದೇ. ಸೇನೆಯ ಆಲಿವ್ ಹಸಿರನ್ನು ಮಾತ್ರ ಖಾಸಗಿಯವರು ಹೊಡೆಸುವಂತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮ ಅದನ್ನು ರಕ್ಷಣಾ ಇಲಾಖೆಗೆ ಮೀಸಲಿಟ್ಟಿದೆ.

ಡೆಲಿವರಿ ದಿನ

ಮುಹೂರ್ತ ಸಂಜೆಗಿದ್ದರೂ ಕಾರನ್ನು ಬೆಳಿಗ್ಗೆಯೇ ಹೋಗಿ ಹೊರಗೆ ನಿಲ್ಲಿಸಿ ನೋಡಿ. ಬಂಪರ್ ಪ್ಲಾಸ್ಟಿಕ್ಕಿನದು, ಪಕ್ಕದ ಫೆಂಡರ್ ತಗಡಿನದು. ಇವೆರಡರ ಬಣ್ಣದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಸಹಜ. ಒಂದು ಬಾಗಿಲಿಗೂ ಇನ್ನೊಂದಕ್ಕೂ ವ್ಯತ್ಯಾಸ ಕಂಡರೆ, ಅಥವಾ ರಬ್ಬರ್ ಬೀಡಿಂಗ್ ಮೇಲೆ ಬಣ್ಣದ ಹನಿ ಇದ್ದರೆ, ಸಾಗಣೆಯಲ್ಲಿ ಪೆಟ್ಟಾಗಿ ಮತ್ತೆ ಬಣ್ಣ ಹೊಡೆದಿರಬಹುದು. ಸಹಿ ಹಾಕುವ ಮೊದಲು ಕೇಳಿ.

ಆಮೇಲೆ ಪೂಜೆ. ಚಕ್ರದಡಿ ನಿಂಬೆಹಣ್ಣು, ಬಾನೆಟ್ ಮೇಲೆ ಕುಂಕುಮದ ಸ್ವಸ್ತಿಕ. ಎಣ್ಣೆ ಕಲಸಿದ ಕುಂಕುಮ ಬಿಸಿಲಿಗೆ ಒಣಗಲು ಬಿಟ್ಟರೆ ಬಿಳಿ ಕಾರಿನ ಮೇಲೆ ಗುಲಾಬಿ ನೆರಳು ಉಳಿಯುವುದುಂಟು. ಮನೆ ಮುಟ್ಟಿದ ಮೇಲೆ, ಆರತಿ ಎತ್ತುವವರದ್ದೆಲ್ಲ ಮುಗಿದ ಮೇಲೆ, ಒಂದು ಚೊಂಬು ನೀರು ಹೊಯ್ದು ಮೆತ್ತನೆ ಒದ್ದೆಬಟ್ಟೆಯಲ್ಲಿ ಎತ್ತಿಬಿಡಿ. ಅಮ್ಮ ನೋಡದಿದ್ದಾಗ.