ನೆಟ್‌ವರ್ಕ್ ಲಿಂಕ್ ಎಷ್ಟು ಗಟ್ಟಿ? ಮೊದಲು ಅಳೆಯಿರಿ, ಆಮೇಲೆ ಕೈಹಾಕಿ

ಪ್ಯಾಕೆಟ್ (ನೆಟ್‌ವರ್ಕ್‌ನಲ್ಲಿ ಸಾಗುವ ಡೇಟಾದ ತುಣುಕು) ಕಳೆದುಹೋಗುತ್ತಿದೆ ಎಂದ ಕೂಡಲೇ ಕೇಬಲ್ ಬದಲಿಸುವುದು, ಇಲ್ಲವೇ ಬ್ಯಾಂಡ್‌ವಿಡ್ತ್ ಹೆಚ್ಚಿಸುವುದು ಎರಡೂ ಆತುರದ ಕೆಲಸಗಳೇ. ಪ್ಯಾಕೆಟ್ ಕಳೆಯುವುದಕ್ಕೆ ಮುಖ್ಯವಾಗಿ ಎರಡು ಕಾರಣ. ಒಂದೋ ದಾರಿಯಲ್ಲಿ ಬಿಟ್ ಕೆಟ್ಟಿರುತ್ತದೆ, ಇಲ್ಲವೇ ಕ್ಯೂ (ಪ್ಯಾಕೆಟ್‌ಗಳು ಸರದಿ ಕಾಯುವ ಜಾಗ) ತುಂಬಿ ಸ್ವಿಚ್ ಅಥವಾ ರೂಟರ್ ತಾನೇ ಅದನ್ನು ಬಿಸಾಡಿರುತ್ತದೆ. ಮೊದಲನೆಯದಾದರೆ ಕೇಬಲ್, ಕನೆಕ್ಟರ್, ಆಂಟೆನಾ ನೋಡಬೇಕು. ಎರಡನೆಯದಾದರೆ ಅವನ್ನೆಲ್ಲ ಹೊಸದಾಗಿ ಹಾಕಿದರೂ ತೊಂದರೆ ಹಾಗೆಯೇ ಉಳಿಯುತ್ತದೆ. ಮುಂದಿನ ಅಳತೆಗಳೆಲ್ಲ ಇವೆರಡರಲ್ಲಿ ಯಾವುದು ಎಂದು ಬೇರ್ಪಡಿಸುವುದಕ್ಕೇ.

ಎಷ್ಟು ಪ್ಯಾಕೆಟ್ ಕಳಿಸಬೇಕು?

ನೂರು ಪಿಂಗ್ (ಉತ್ತರ ಕೇಳುವ ಪರೀಕ್ಷಾ ಪ್ಯಾಕೆಟ್) ಕಳಿಸಿದಾಗ ಒಂದೂ ಕಳೆಯಲಿಲ್ಲ ಎಂದರೆ ಲಿಂಕ್ ಚೆನ್ನಾಗಿದೆ ಎಂದು ಹೇಳಲು ಬರುವುದಿಲ್ಲ. ನಷ್ಟ ಸೊನ್ನೆ ಬಂದಾಗ 3ನ್ನು ಕಳಿಸಿದ ಪ್ಯಾಕೆಟ್‌ಗಳ ಸಂಖ್ಯೆಯಿಂದ ಭಾಗಿಸಿ. ನಿಜವಾದ ನಷ್ಟ ಅದಕ್ಕಿಂತ ಕಡಿಮೆ ಎಂದು 95% ಭರವಸೆಯಿಂದ ಹೇಳಬಹುದು. ನೂರು ಪ್ಯಾಕೆಟ್‌ಗೆ ಈ ಮಿತಿ 3%, ಅಂದರೆ ಏನೂ ಹೇಳಿದಂತಾಗಲಿಲ್ಲ. 0.1%ಗಿಂತ ಕಡಿಮೆ ಎನ್ನಲು 3,000 ಪ್ಯಾಕೆಟ್ ಬೇಕು. ಸೆಕೆಂಡಿಗೆ ಒಂದರಂತೆ 50 ನಿಮಿಷ.

0.1% ಅಷ್ಟು ಮುಖ್ಯವೇ? ನಷ್ಟ ಕಂಡೊಡನೆ ವೇಗವನ್ನು ಅರ್ಧಕ್ಕೆ ಇಳಿಸುವ ಹಳೆಯ ಬಗೆಯ ಟಿಸಿಪಿಯನ್ನೇ (ಕಳೆದ ಪ್ಯಾಕೆಟನ್ನು ಮತ್ತೆ ಕಳಿಸುವ ರವಾನೆ ವಿಧಾನ) ತೆಗೆದುಕೊಳ್ಳಿ. ಹೋಗಿಬರುವ ಸಮಯ 50 ಮಿಲಿಸೆಕೆಂಡ್, ನಷ್ಟ 0.1% ಇದ್ದರೆ ಒಂದು ಕನೆಕ್ಷನ್‌ಗೆ ಸಿಗುವುದು ಸುಮಾರು 9 ಎಂಬಿಪಿಎಸ್ ಮಾತ್ರ. ನಷ್ಟ 1% ಆದರೆ 3 ಎಂಬಿಪಿಎಸ್‌ಗೂ ತುಸು ಕಡಿಮೆ. ಕೆಳಗಿರುವ ಲಿಂಕ್ 1 ಜಿಬಿಪಿಎಸ್‌ನದ್ದಾದರೂ ಅಷ್ಟೇ.

ಸರಾಸರಿಯನ್ನು ಮಾತ್ರ ಬರೆದಿಡಬೇಡಿ. ಒಂದು ಗಂಟೆಯಲ್ಲಿ 1% ನಷ್ಟ ಎಂದರೆ ಅಲ್ಲೊಂದು ಇಲ್ಲೊಂದು ಪ್ಯಾಕೆಟ್ ಹೋಗಿರಬಹುದು, ಅಥವಾ 36 ಸೆಕೆಂಡ್ ಲಿಂಕ್ ಪೂರ್ತಿ ಸತ್ತಿರಬಹುದು. ಪ್ರತಿ ಪಿಂಗ್‌ಗೂ ಸಮಯದ ಮುದ್ರೆ ಹಾಕಿ ಒಂದು ವಾರದ ದಾಖಲೆ ಇಟ್ಟುಕೊಂಡರೆ ಯಾವ ಹೊತ್ತಿಗೆ, ಎಷ್ಟು ಹೊತ್ತು ಎಂಬುದು ಕಣ್ಣಿಗೆ ಬೀಳುತ್ತದೆ.

ಎರಡು ಗಾತ್ರದಲ್ಲಿ, ಎರಡು ದಿಕ್ಕಿನಲ್ಲಿ

ಒಮ್ಮೆ ಚಿಕ್ಕ ಪಿಂಗ್ ಕಳಿಸಿ, ಇನ್ನೊಮ್ಮೆ 1,472 ಬೈಟ್‌ನದ್ದು (28 ಬೈಟ್ ಹೆಡರ್ ಸೇರಿ 1,500). ಹತ್ತು ಲಕ್ಷ ಬಿಟ್‌ಗೆ ಒಂದು ಕೆಡುವ ಲಿಂಕ್‌ನಲ್ಲಿ 64 ಬೈಟ್‌ನ ಫ್ರೇಮ್‌ಗಳು (ಲಿಂಕ್ ಮೇಲೆ ಪ್ಯಾಕೆಟನ್ನು ಹೊತ್ತು ಸಾಗುವ ಕಟ್ಟುಗಳು) 0.05% ಕಳೆದರೆ, 1,500 ಬೈಟ್‌ನವು 1.2% ಕಳೆಯುತ್ತವೆ. ದೊಡ್ಡದಕ್ಕೆ ಪೆಟ್ಟು ಹೆಚ್ಚು, ಲಿಂಕ್ ಖಾಲಿ ಇದ್ದಾಗಲೂ ನಷ್ಟ, ವಿಳಂಬ ಮಾತ್ರ ಏರಿಲ್ಲ ಎಂದರೆ ಬಿಟ್ ಕೆಡುತ್ತಿದೆ. ಲೋಡ್ ಏರಿದಾಗ ಮಾತ್ರ ನಷ್ಟ, ಅದಕ್ಕೂ ಮೊದಲು ವಿಳಂಬ ಏರುತ್ತದೆ ಎಂದರೆ ಕ್ಯೂ ತುಂಬುತ್ತಿದೆ.

ಲೋಡ್ ಹಾಕಲು ಐಪರ್ಫ್3 ಎಂಬ ವೇಗ ಅಳೆಯುವ ತಂತ್ರಾಂಶದ ಯುಡಿಪಿ ಮೋಡ್ (ಕಳೆದದ್ದನ್ನು ಮತ್ತೆ ಕಳಿಸದ ಬಗೆ) ಸಾಕು. ಲಿಂಕ್ ವೇಗದ 50%, 80%, 95% ಹೀಗೆ ಏರಿಸುತ್ತ ಹೋಗಿ, ಒಂದೊಂದು ದಿಕ್ಕನ್ನು ಬೇರೆಯಾಗಿ ನೋಡಿ. ವೇಗ ಎಷ್ಟೆಂದು ಹೇಳದಿದ್ದರೆ ಅದು ಯುಡಿಪಿಯಲ್ಲಿ 1 ಎಂಬಿಪಿಎಸ್ ಮಾತ್ರ ಕಳಿಸುತ್ತದೆ. ಇದು ಗೊತ್ತಿಲ್ಲದೆ ‘ನಷ್ಟವೇ ಇಲ್ಲ’ ಎಂದು ಟೆಸ್ಟ್ ಮುಗಿಸುವವರು ಬಹಳ.

ಎಂಟಿಆರ್ (ದಾರಿಯ ಪ್ರತಿ ರೂಟರ್‌ನ ನಷ್ಟ ತೋರಿಸುವ ತಂತ್ರಾಂಶ) ಓದುವಾಗಲೂ ಒಂದು ಎಚ್ಚರ ಬೇಕು. ನಡುವಿನ ಒಂದು ಹಾಪ್‌ನಲ್ಲಿ (ದಾರಿಯ ಒಂದು ರೂಟರ್) 40% ನಷ್ಟ ಕಂಡು, ಮುಂದಿನ ಹಾಪ್‌ಗಳಲ್ಲಿ ಸೊನ್ನೆ ಇದ್ದರೆ ಆ ರೂಟರ್ ಉತ್ತರ ಕೊಡುವುದನ್ನು ಮಿತಿಗೊಳಿಸಿದೆ, ಅಷ್ಟೇ. ನಷ್ಟ ಒಂದು ಹಾಪ್‌ನಲ್ಲಿ ಶುರುವಾಗಿ ಕೊನೆಯ ಹಾಪ್‌ವರೆಗೂ ಮುಂದುವರಿದರೆ ಮಾತ್ರ ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಕೌಂಟರ್ ಸುಳ್ಳು ಹೇಳುವುದು ಕಡಿಮೆ

ಎರಡೂ ತುದಿಯ ಇಂಟರ್‌ಫೇಸ್ ಕೌಂಟರ್‌ಗಳನ್ನು ಸೊನ್ನೆ ಮಾಡಿ, ಒಂದು ಗಂಟೆ ಬಿಟ್ಟು ನೋಡಿ. ಸಿಆರ್‌ಸಿ ಎರರ್ (ಫ್ರೇಮ್ ಕೆಟ್ಟಿದೆಯೇ ಎಂಬ ಪರೀಕ್ಷೆಯಲ್ಲಿ ಸೋತವುಗಳ ಎಣಿಕೆ) ಏರುತ್ತಿದ್ದರೆ ಬರುವ ದಾರಿಯಲ್ಲಿ ಬಿಟ್ ಕೆಡುತ್ತಿದೆ. ಔಟ್‌ಪುಟ್ ಡ್ರಾಪ್ (ಹೊರಹೋಗುವಾಗ ಬಿಸಾಡಿದವು) ಏರುತ್ತಿದ್ದರೆ ಕ್ಯೂ ಸಮಸ್ಯೆ. ಒಂದು ತುದಿಯಲ್ಲಿ ಸಿಆರ್‌ಸಿ, ಇನ್ನೊಂದರಲ್ಲಿ ಲೇಟ್ ಕೊಲಿಷನ್ (ತಡವಾದ ಡಿಕ್ಕಿ) ಕಂಡರೆ ಡೂಪ್ಲೆಕ್ಸ್ ಹೊಂದಿಕೆಯಾಗಿಲ್ಲ: ಫುಲ್ ಎಂದರೆ ಕಳಿಸುವುದೂ ಪಡೆಯುವುದೂ ಒಟ್ಟಿಗೆ, ಹಾಫ್ ಎಂದರೆ ಸರದಿಯಂತೆ. ಒಂದು ಕಡೆ 100 ಎಂಬಿಪಿಎಸ್, ಫುಲ್ ಎಂದು ಕೈಯಾರೆ ಕಟ್ಟಿ ಇನ್ನೊಂದನ್ನು ಆಟೋದಲ್ಲಿ ಬಿಟ್ಟಾಗ ಹೀಗಾಗುತ್ತದೆ. ಆಟೋ ಇರುವ ಕಡೆಗೆ ವೇಗ ಗೊತ್ತಾಗುತ್ತದೆ, ಡೂಪ್ಲೆಕ್ಸ್ ಗೊತ್ತಾಗದೆ ಅದು ಹಾಫ್‌ಗೆ ಇಳಿಯುತ್ತದೆ. ಎರಡೂ ಕಡೆ ಆಟೋ ಇಡಿ.

ತಾಮ್ರದ ಕೇಬಲ್

ಒಟ್ಟು ಉದ್ದ 100 ಮೀಟರ್ ದಾಟಬಾರದು: ಗೋಡೆಯೊಳಗೆ 90, ಪ್ಯಾಚ್ ಕಾರ್ಡ್‌ಗಳಿಗೆ 10. ಜೋಡಿಗಳ ಹೆಣಿಗೆಯನ್ನು ಕನೆಕ್ಟರ್ ಬಳಿ 13 ಮಿಲಿಮೀಟರ್‌ಗಿಂತ ಹೆಚ್ಚು ಬಿಚ್ಚಬೇಡಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಹಾಕಬೇಡಿ; ಅದರ ರೋಧ ಹೆಚ್ಚು, ಪಿಒಇ (ನೆಟ್‌ವರ್ಕ್ ಕೇಬಲ್‌ನಲ್ಲೇ ಕಳಿಸುವ ವಿದ್ಯುತ್) ಹರಿಸಿದರೆ ಬಿಸಿಯಾಗುತ್ತದೆ, ಬಾಗಿಸಿದಲ್ಲಿ ಮುರಿಯುತ್ತದೆ.

ಫೈಬರ್

ಇಲ್ಲಿ ಮೊದಲು ಲೆಕ್ಕ ಹಾಕಬೇಕು, ಆಮೇಲೆ ಮೀಟರ್ ಹಿಡಿಯಬೇಕು. 8 ಕಿಲೋಮೀಟರ್ ಸಿಂಗಲ್ ಮೋಡ್ ಫೈಬರ್, 1310 ನ್ಯಾನೋಮೀಟರ್ ಎಂದುಕೊಳ್ಳಿ. ಕಿಲೋಮೀಟರಿಗೆ 0.35ರಂತೆ 2.8 ಡೆಸಿಬೆಲ್, ಎರಡು ಕನೆಕ್ಟರ್‌ಗೆ ತಲಾ 0.5, ಮೂರು ಸ್ಪ್ಲೈಸ್‌ಗೆ (ಫೈಬರ್ ಬೆಸುಗೆ) ತಲಾ 0.1, ಒಟ್ಟು 4.1. ಆ ತುದಿ −2 ಡಿಬಿಎಂ (ಸಿಗ್ನಲ್ ಬಲದ ಅಳತೆ) ಕಳಿಸುತ್ತಿದ್ದರೆ ಈ ತುದಿಯಲ್ಲಿ ಸುಮಾರು −6 ಬರಬೇಕು. ಎಸ್‌ಎಫ್‌ಪಿ ಮಾಡ್ಯೂಲ್ (ಫೈಬರ್ ಸಿಕ್ಕಿಸುವ ಬೆಳಕಿನ ಬಿಡಿಭಾಗ) −11 ತೋರಿಸುತ್ತಿದೆಯೇ? ಹಾಗಾದರೆ 5 ಡೆಸಿಬೆಲ್ ಎಲ್ಲೋ ಸೋರುತ್ತಿದೆ. 10 ಗಿಗಾಬಿಟ್ ಎಲ್‌ಆರ್ (ದೂರಕ್ಕೆ ಕಳಿಸುವ ಬಗೆಯ) ಮಾಡ್ಯೂಲ್ −14.4ರವರೆಗೂ ಕೆಲಸ ಮಾಡುವುದರಿಂದ ಲಿಂಕ್ ಇನ್ನೂ ನಡೆಯುತ್ತಿರುತ್ತದೆ, ಯಾರೂ ದೂರುವುದಿಲ್ಲ. ಆದರೆ ಕೈಯಲ್ಲಿ ಉಳಿದಿರುವುದು 3.4 ಡೆಸಿಬೆಲ್. ಇನ್ನೊಂದಿಷ್ಟು ಧೂಳು ಕೂತರೆ ಅದೂ ಹೋಯಿತು. ಲಿಂಕ್ ಬೀಳುವ ಮೊದಲೇ ಹಿಡಿಯಬಹುದಾದ ದೋಷ ಇದು. ಅದಕ್ಕಾಗಿ ಬೆಳಕಿನ ಅಳತೆಯನ್ನು ವಾರವಾರವೂ ದಾಖಲಿಸುವುದು ಸಾರ್ಥಕ.

ಮೊದಲ ಅನುಮಾನ ಕೊಳೆಯ ಮೇಲೆ. ಫೈಬರಿನ ಬೆಳಕು ನಂದಿಸಿ, ಫೈಬರ್ ಸ್ಕೋಪ್‌ನಲ್ಲಿ ತುದಿ ನೋಡಿ, ಕ್ಲೀನರ್ ಪೆನ್ನಿನಿಂದ ಒರೆಸಿ, ಮತ್ತೆ ನೋಡಿ. ಪ್ಯಾಚ್ ಕಾರ್ಡ್ ಒರೆಸಿ ಪೋರ್ಟ್ ಒರೆಸದಿದ್ದರೆ ಪೋರ್ಟಿನ ಕೊಳೆ ಮತ್ತೆ ಕಾರ್ಡಿಗೆ ಅಂಟುತ್ತದೆ. ಬೆಳಕು ಹರಿಯುತ್ತಿರುವ ಫೈಬರ್ ತುದಿಯತ್ತ ಬರಿಗಣ್ಣು ಒಡ್ಡಲೇಬೇಡಿ. ಆ ಬೆಳಕು ಕಾಣುವುದಿಲ್ಲ, ಕಣ್ಣಿಗೆ ಹಾನಿ ಮಾಡಬಲ್ಲದು. ಒರೆಸಿದರೂ ಸರಿಹೋಗದಿದ್ದರೆ ಓಟಿಡಿಆರ್ (ಫೈಬರಿನ ಯಾವ ಜಾಗದಲ್ಲಿ ನಷ್ಟ ಎಂದು ತೋರಿಸುವ ಉಪಕರಣ) ಅನ್ನು 1310 ಮತ್ತು 1550 ನ್ಯಾನೋಮೀಟರ್ ಎರಡರಲ್ಲೂ ಓಡಿಸಿ. ಒಂದೇ ಜಾಗದಲ್ಲಿ 1550ರ ನಷ್ಟ ಎದ್ದು ಕಂಡರೆ ಅಲ್ಲಿ ಫೈಬರ್ ಬಿಗಿಯಾಗಿ ಬಾಗಿದೆ. ಎರಡರಲ್ಲೂ ಸರಿಸುಮಾರು ಒಂದೇ ಇದ್ದರೆ ಸ್ಪ್ಲೈಸ್ ಅಥವಾ ಕನೆಕ್ಟರ್.

ವೈರ್‌ಲೆಸ್

ವೈಫೈಯಲ್ಲಿ ಪಿಂಗ್ ನಷ್ಟ ಸೊನ್ನೆ ಇದ್ದರೂ ನಂಬಬೇಡಿ. ಕೆಟ್ಟ ಫ್ರೇಮನ್ನು ರೇಡಿಯೊ ತಾನೇ ಮತ್ತೆ ಮತ್ತೆ ಕಳಿಸುತ್ತದೆ. ನಷ್ಟವೆಲ್ಲ ವಿಳಂಬದ ಏರಿಳಿತವಾಗಿ ವೇಷ ಬದಲಿಸುತ್ತದೆ. ರಿಟ್ರೈ ಕೌಂಟರ್ (ಮತ್ತೆ ಕಳಿಸಿದ ಎಣಿಕೆ) ನೋಡಿ. ಹೋಗುವಾಗ 90%, ಉತ್ತರ ಬರುವಾಗ 80% ಫ್ರೇಮ್ ತಲುಪಿದರೆ ಒಂದು ಪ್ಯಾಕೆಟ್ ದಾಟಿಸಲು ಸರಾಸರಿ 1.39 ಸಲ ಕಳಿಸಬೇಕಾಗುತ್ತದೆ (1 ಭಾಗಿಸು 0.72). ಮೆಶ್‌ನಲ್ಲಿ (ರೇಡಿಯೊಗಳು ಒಂದರಿಂದ ಒಂದಕ್ಕೆ ದಾಟಿಸುವ ಜಾಲ) ದಾರಿ ಆರಿಸಲು ಸಿಗ್ನಲ್ ಬಲಕ್ಕಿಂತ ಈ ಸಂಖ್ಯೆ ಮೇಲು.

ದೂರದ ಲಿಂಕ್‌ಗೆ ಮತ್ತೆ ಲೆಕ್ಕ. 5 ಕಿಲೋಮೀಟರ್, 5.8 ಗಿಗಾಹರ್ಟ್ಸ್ ಎಂದರೆ ಗಾಳಿಯಲ್ಲೇ 121.7 ಡೆಸಿಬೆಲ್ ಹೋಗುತ್ತದೆ. 20 ಡಿಬಿಎಂ ರೇಡಿಯೊ, ಎರಡೂ ಕಡೆ 23 ಡಿಬಿಐ (ಆಂಟೆನಾ ಬಲ ಹೆಚ್ಚಿಸುವ ಅಳತೆ) ಆಂಟೆನಾ, ಕೇಬಲ್‌ಗೆ 1 ಡೆಸಿಬೆಲ್ ಬಿಟ್ಟರೆ ತಲುಪುವುದು −56.7. ಬೇಕಾದ ವೇಗಕ್ಕೆ ರಿಸೀವರ್ −75 ಕೇಳಿದರೆ ಉಳಿಕೆ 18 ಡೆಸಿಬೆಲ್. ಇದು ಸಾಲದು, 20ರಿಂದ 30 ಇಟ್ಟುಕೊಳ್ಳುವುದು ರೂಢಿ. ಒಂದು ಹಂತ ಕೆಳಗಿನ ಮಾಡ್ಯುಲೇಶನ್‌ಗೆ (ರೇಡಿಯೊ ಅಲೆಯಲ್ಲಿ ಬಿಟ್ ತುಂಬುವ ಬಗೆ) ಕಟ್ಟಿದರೆ ವೇಗ ಇಳಿದು ಉಳಿಕೆ ಬೆಳೆಯುತ್ತದೆ. ನೆಚ್ಚಿಕೊಳ್ಳಬೇಕಾದ ಲಿಂಕ್‌ಗೆ ಅದೇ ಸರಿ. ನಡುದಾರಿಯಲ್ಲಿ ನೇರ ರೇಖೆಯ ಸುತ್ತ ಸುಮಾರು 5 ಮೀಟರ್ ತೆರವಿರಲಿ. ಕಣ್ಣಿಗೆ ಎದುರಿನ ಕಂಬ ಕಂಡರಾಯಿತು ಎನ್ನುವಂತಿಲ್ಲ, ಕೆಳಗಿನ ಮರ ಬೆಳೆಯುತ್ತಿರುತ್ತದೆ.

ಕ್ಯೂ ತುಂಬುತ್ತಿದ್ದರೆ

ರೂಟರ್‌ನಲ್ಲಿ ಕೇಕ್ ಅಥವಾ ಎಫ್‌ಕ್ಯೂ-ಕೋಡೆಲ್ ಎಂಬ ಕ್ಯೂ ನಿರ್ವಹಣೆಯ ವಿಧಾನ ಹಾಕಿ, ಅಳೆದು ಕಂಡ ವೇಗದ 90%ಗೆ ಮಿತಿ ಕಟ್ಟಿ. ಕ್ಯೂ ನಿಮ್ಮ ಕೈಯಲ್ಲಿರುವ ಸಾಧನದಲ್ಲೇ ನಿಲ್ಲಬೇಕು ಎಂಬುದೇ ಉದ್ದೇಶ.

ಎರಡನೇ ದಾರಿ

ವರ್ಷದಲ್ಲಿ 99% ಹೊತ್ತು ನಡೆದ ಲಿಂಕ್ ಎಂದರೆ 87 ಗಂಟೆಗೂ ಮಿಕ್ಕಿ ಬಿದ್ದಿದ್ದ ಲಿಂಕ್. ಅಂಥವೇ ಎರಡು ಜೊತೆಯಾದರೆ 99.99%, ಬೀಳುವುದು 53 ನಿಮಿಷ. ಆದರೆ ಎರಡೂ ಒಂದೇ ಪೈಪಿನಲ್ಲಿ ಹೋದರೆ, ಒಂದೇ ಯುಪಿಎಸ್‌ಗೆ ಸಿಕ್ಕಿಸಿದ್ದರೆ ಈ ಲೆಕ್ಕ ಬಿದ್ದುಹೋಯಿತು. ದಾರಿಯ ನಕ್ಷೆ ಕೇಳಿ ನೋಡಿ.

ಬಿಎಫ್‌ಡಿಯನ್ನು (ಲಿಂಕ್ ಬದುಕಿದೆಯೇ ಎಂದು ಎರಡು ತುದಿಗಳು ಪರಸ್ಪರ ಕಳಿಸುವ ಸಣ್ಣ ಸಂದೇಶ) 50 ಮಿಲಿಸೆಕೆಂಡಿಗೆ ಒಂದರಂತೆ, ಮೂರು ತಪ್ಪಿದರೆ ಸತ್ತಿದೆ ಎಂದು ಇಟ್ಟರೆ 150 ಮಿಲಿಸೆಕೆಂಡಿನಲ್ಲಿ ಗೊತ್ತಾಗುತ್ತದೆ. ವೈರ್‌ಲೆಸ್ ಮೇಲೆ ಇಷ್ಟು ಬಿಗಿ ಬೇಡ, ಒಂದು ಸಣ್ಣ ಏರುಪೇರಿಗೂ ದಾರಿ ಬದಲಾಗುತ್ತದೆ. ಮುಖ್ಯ ಲಿಂಕ್ ಮರಳಿ ಬಂದ ಕೂಡಲೇ ಟ್ರಾಫಿಕ್ ಅದಕ್ಕೆ ಹಾರದಂತೆ ಕೆಲವು ನಿಮಿಷಗಳ ಕಾಯುವಿಕೆ ಇಡಿ. ಕೊನೆಗೆ, ಪಿಂಗ್ ಓಡುತ್ತಿರುವಾಗಲೇ ಕೇಬಲ್ ಕಿತ್ತು ನೋಡಿ, ಒಮ್ಮೆ ಈ ತುದಿಯಲ್ಲಿ, ಒಮ್ಮೆ ಆ ತುದಿಯಲ್ಲಿ. ಫೈಬರ್ ಆದರೆ ಎರಡು ಎಳೆಗಳಲ್ಲಿ ಒಂದನ್ನು ಮಾತ್ರವೂ ಕಿತ್ತು ನೋಡಿ: ಒಂದು ದಿಕ್ಕು ಸತ್ತು ಇನ್ನೊಂದು ಬದುಕಿರುವ ಸ್ಥಿತಿಯಲ್ಲೇ ಬ್ಯಾಕಪ್‌ಗಳು ಎದ್ದು ನಿಲ್ಲದೆ ಹೋಗುವುದು ಹೆಚ್ಚು.